ಮೂರನೆಯ ಸಲ ಕರೆಯಬಾರದು

ಆರ್ಡಿಸ್‌ಳ ಊರು ನಕ್ಷೆಯಲ್ಲಿ ಉತ್ತರಕ್ಕಿದೆ; ಆದರೆ ಅಲ್ಲಿ ಯಾರಿಂದಲೂ ನೇರವಾದ ಉತ್ತರ ಸಿಗುವುದಿಲ್ಲ, ಸಿಗುವುದೆಲ್ಲ ದಾಕ್ಷಿಣ್ಯ. ಮಿನ್ನೆಸೋಟದ ಆ ಕೆರೆಯಂಚಿನ ಊರಿನಲ್ಲಿ ಕಾಫಿ ಬೇಕೆ ಎಂದು ಕೇಳಿದರೆ ಮೊದಲು ‘ಬೇಡ’ ಎನ್ನಬೇಕು. ಎರಡನೆಯ ಸಲ ಕೇಳಿದರೆ ‘ಸುಮ್ಮನೆ ನಿಮಗೆ ತೊಂದರೆ’ ಎನ್ನಬೇಕು. ಮೂರನೆಯ ಸಲವೂ ಕೇಳಿದರೆ ಮಾತ್ರ ‘ಹಾಗಾದ್ರೆ ಅರ್ಧ ಲೋಟ’ ಎಂದು ಒಪ್ಪಬೇಕು. ಕರೆಯುವವರಿಗೂ ಇದೇ ಪಾಠ. ಎರಡು ಸಲ ಕರೆದರೆ ಅದು ಮರ್ಯಾದೆ, ಮೂರನೆಯ ಸಲ ಕರೆದರೆ ಅದು ವಚನ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು.

ಆರ್ಡಿಸ್‌ಳ ಗಂಡ ಗೇಲನ್‌ಗೆ ಎರಡು ಸಲಕ್ಕೆ ನಿಲ್ಲಿಸಲು ಬರುತ್ತಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಕಟ್ಟೆಯ ಹಿಂದೆ ನಿಂತು ‘ಮತ್ತೇನಾದ್ರೂ ಬೇಕಾ?’ ಎಂದು ಕೇಳಿ ಕೇಳಿ ನಾಲಿಗೆ ಹಾಗೇ ಪಳಗಿಹೋಗಿತ್ತು. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರು ಉತ್ತರದ ದೊಡ್ಡ ಸರೋವರಕ್ಕೆ ಹೊರಟಾಗ, ಅವನು ತನ್ನ ಅಪ್ಪ ಅಮ್ಮನಿಗೆ ‘ನೀವೂ ಬನ್ನಿ’ ಎಂದು ಮೂರು ಸಲ ಅಂದಿದ್ದ. ಅವರು ಬಂದಿದ್ದರು. ಮಧುಚಂದ್ರದ ಪಟಗಳಲ್ಲೆಲ್ಲ ಅತ್ತೆಯೇ ನಡುವೆ. ಆಮೇಲೆ ಮಕ್ಕಳು, ಮಕ್ಕಳ ಗೆಳೆಯರು, ನಾಯಿ. ಇಷ್ಟು ವರ್ಷಗಳಲ್ಲಿ ಗಂಡನ ಜೊತೆ ಅವಳೊಬ್ಬಳೇ ಎಲ್ಲಿಗೂ ಹೋದದ್ದಿಲ್ಲ.

ಆರ್ಡಿಸ್ ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದಳು. ಬಸ್ಸಿನ ಬ್ರೇಕು ಅವಳ ಕಾಲಡಿ ಇತ್ತು, ಗಂಡನ ನಾಲಿಗೆಯ ಬ್ರೇಕು ಯಾರ ಕಾಲಡಿಯೂ ಇರಲಿಲ್ಲ. ದಿನಾ ಬೆಳಿಗ್ಗೆ ಸಂಜೆ ಬೆನ್ನ ಹಿಂದೆ ಕಿರುಚಾಟ, ಸೀಟಿನ ಜಗಳ, ಹಾಡು. ಆ ಗದ್ದಲದಿಂದ ಅವಳಿಗೆ ಸಿಕ್ಕ ಒಂದೇ ಲಾಭವೆಂದರೆ ಯಾರ ದನಿಯನ್ನಾದರೂ ಹಾಗೇ ಎತ್ತಿಕೊಳ್ಳುವ ವಿದ್ಯೆ. ಪಾದ್ರಿಯಂತೆ ಕೆಮ್ಮಿ ತೋರಿಸಿದರೆ ಪಾದ್ರಿಯ ಹೆಂಡತಿಯೇ ತಿರುಗಿ ನೋಡುತ್ತಿದ್ದಳು.

ಈ ಚಳಿಗಾಲದಲ್ಲಿ ಅವಳು ಮರಳುಗಾಡಿಗೆ ಮರುಳಾಗಿದ್ದಳು. ಯೂಟಾದ ಮೋವಾಬ್. ಬೇಸಿಗೆಯಲ್ಲಿ ಕಾಲಿಡಲು ಜಾಗವಿಲ್ಲದ ಊರು, ಜನವರಿಯಲ್ಲಿ ಬಿಕೋ ಎನ್ನುತ್ತದೆ. ಕೆಂಪು ಬಂಡೆಯ ನೆತ್ತಿಯ ಮೇಲೆ ತೆಳ್ಳಗೆ ಹಿಮ, ಕಾಲುದಾರಿಯಲ್ಲಿ ನರಪಿಳ್ಳೆ ಇಲ್ಲ. ಒಂದು ವಾರ ಅಲ್ಲಿ ಗೇಲನ್‌ನ ಜೊತೆ ನಡೆಯಬೇಕು. ಮಾತು ಬೇಕಾದರೆ ಆಡಬೇಕು, ಬೇಡವಾದರೆ ಬಿಡಬೇಕು. ಬದಲಿ ಚಾಲಕಿ ಸಿಕ್ಕಾಗಿತ್ತು, ಕೋಣೆ ಗೊತ್ತುಮಾಡಿ ಆಗಿತ್ತು. ಯಾರಿಗೂ ಹೇಳದೆ ಹೊರಟುಬಿಡುವುದೇ ಮೇಲು, ಬಾಯಿ ಬಿಟ್ಟರೆ ಬಣ್ಣಗೇಡು.

ಆದರೆ ಬಾಯಿ ಬಿಡದೆ ಆಗುವಂತಿರಲಿಲ್ಲ. ಆ ಚಳಿಯಲ್ಲಿ ನೆಲಮಾಳಿಗೆಯ ಹೀಟರ್ ನಿಂತರೆ ನೀರಿನ ಪೈಪುಗಳು ಹೆಪ್ಪುಗಟ್ಟಿ ಒಡೆಯುತ್ತವೆ. ದಿನಕ್ಕೊಮ್ಮೆ ಬಂದು ನೋಡಲು ಯಾರಾದರೂ ಬೇಕು. ಕೆರೆಯ ಆಚೆ ದಡದ ಲವೋನ್ ಮತ್ತು ಅವಳ ಗಂಡ ಡೆಲ್ಮರ್ ಹಳೆಯ ಸ್ನೇಹಿತರು. ಅವರಿಗೆ ಬೀಗದ ಕೈ ಕೊಡುವುದೆಂದಾಯಿತು.

“ಹೋಗ್ತಿದೀವಿ ಅಂತ ಹೇಳಿದ್ಮೇಲೆ ‘ನೀವೂ ಬನ್ನಿ’ ಅನ್ನದೆ ಇರೋಕಾಗಲ್ಲ,” ಎಂದ ಗೇಲನ್. “ಅನ್ನದಿದ್ರೆ ಏನು ತಿಳ್ಕೋತಾರೆ?”

“ಅನ್ನು. ಎರಡೇ ಸಲ. ಬಾ, ತಾಲೀಮು ಮಾಡೋಣ. ನಾನೇ ಲವೋನ್.”

ಅವಳು ಕುತ್ತಿಗೆಗೆ ಟವೆಲ್ಲು ಸುತ್ತಿ, ಗಲ್ಲ ಒಳಗೆಳೆದು, ಪೂರ್ತಿ ಲವೋನ್ ಆದಳು. “ಮೋವಾಬಾ? ಅಯ್ಯೋ, ಎಷ್ಟು ಚೆಂದ. ನಮಗೆಲ್ಲಿ ಬರತ್ತೆ ಬಿಡು ಅಂಥಾ ಯೋಗ.”

“ನೀವೂ ಬನ್ನಿ,” ಎಂದ ಗೇಲನ್.

“ಒಂದು,” ಎಂದು ತನ್ನ ದನಿಯಲ್ಲಿ ಎಣಿಸಿ ಮತ್ತೆ ಲವೋನ್ ಆದಳು. “ಬೇಡಪ್ಪ ಬೇಡ. ನಿಮ್ಮಿಬ್ಬರ ಮಧ್ಯೆ ನಾವ್ಯಾಕೆ.”

“ಕಾರಲ್ಲಿ ಜಾಗ ಇದೆ.”

“ಎರಡು. ಇಲ್ಲಿಗೆ ನಿಲ್ಸು.” ಆಮೇಲೆ ಲವೋನ್‌ಳ ಆ ಉದ್ದನೆಯ ನಿಟ್ಟುಸಿರು. “ಹೋಗಿ ಬನ್ನಿ ನೀವು. ನಾವು ಇಲ್ಲೇ ಬಾಗಿಲ ಮುಂದಿನ ಹಿಮ ತೋಡ್ಕೊಂಡು ಬಿದ್ದಿರ್ತೀವಿ.” ಟವೆಲ್ಲಿನ ತುದಿಯಿಂದ ಮೂಗು ಒರೆಸಿಕೊಂಡಳು.

ಗೇಲನ್ ಅವಳ ಕೈ ಹಿಡಿದುಕೊಂಡ. “ಹಾಗನ್ಬೇಡ ಲವೋನ್. ನಿಜವಾಗ್ಲೂ ಬನ್ನಿ.”

“ನಾನು ಲವೋನ್ ಅಲ್ಲ ಕಣೋ, ನಿನ್ನ ಹೆಂಡ್ತಿ.”

“ಮತ್ತೆ ಸರಿಯಾಯ್ತಲ್ಲ. ಹೆಂಡ್ತೀನ ಮೂರು ಸಲ ಕರೀಬಾರ್ದಾ?”

ಭಾನುವಾರ ಸಂಜೆ ಲವೋನ್ ಮತ್ತು ಡೆಲ್ಮರ್ ಬಂದರು. ಲವೋನ್ ನಿಂಬೆಯ ಬಾರ್ ಎಂಬ ಸಿಹಿ ತಿಂಡಿ ಮಾಡಿ ತಂದಿದ್ದಳು. ಬಾರ್ ತಂದವರು ಬಾರದೆ ಇರುತ್ತಾರೆಯೇ ಎಂದು ಆರ್ಡಿಸ್‌ಗೆ ಆಗಲೇ ಎದೆ ಅಳುಕಿತು. ಸುದ್ದಿ ಹೇಳಿದ್ದಾಯಿತು. ಮೇಜಿನ ಬಳಿ ಗೇಲನ್ ಮೊದಲ ಸಲ ಕರೆದ, ಬೇಡ ಎಂದರು. ಹೊರಡುವಾಗ ಕೋಟು ತೊಡುತ್ತ ನಿಂತಲ್ಲಿ ಎರಡನೆಯ ಸಲ ಕರೆದ. ಸುಮ್ಮನೆ ತೊಂದರೆ ಎಂದರು. ಆರ್ಡಿಸ್ ಅವನ ಕಾಲು ತುಳಿದಳು. ಅವನು ಬಾಯಿ ಮುಚ್ಚಿದ. ಗೆದ್ದೆ ಎಂದುಕೊಂಡಳು.

ಆದರೆ ಆ ಊರಿನಲ್ಲಿ ಬೀಳ್ಕೊಡುವುದು ಬಾಗಿಲಲ್ಲಿ ಮುಗಿಯುವುದಿಲ್ಲ. ಕಾರಿನವರೆಗೂ ಹೋಗಬೇಕು, ಗಾಜಿನ ಮೇಲಿನ ಹಿಮ ಕೆರೆದು ಕೊಡಬೇಕು. ಗೇಲನ್ ಹೋದ. ಆರ್ಡಿಸ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಲೇ ಇದ್ದಳು. ಕಾರಿನ ಗಾಜು ಕೆಳಗಿಳಿಯಿತು. ಗೇಲನ್ ಬಗ್ಗಿದ. ಅವನ ಬಾಯಿಂದ ಬೆಳ್ಳಗಿನ ಹಬೆ ಒಂದು ಉಂಡೆ ಹೊರಟಿತು. ತಕ್ಷಣ ಕಾರಿನ ಎಂಜಿನ್ ನಿಂತಿತು.

ಎಂಜಿನ್ ನಿಂತಿತೆಂದರೆ ಒಪ್ಪಿದಂತೆಯೇ, ಇನ್ನು ಕೇಳುವುದೇನಿದೆ.

“ಹಿಮ ಕೆರೀತಿದ್ದೆ ಕಣೇ,” ಎಂದ ಗೇಲನ್ ಒಳಗೆ ಬಂದು. “ಅದರ ಜೊತೆಗೆ ಮೂರನೇದೂ ಉದುರಿಹೋಯ್ತು.”

ಕೊಟ್ಟ ಮಾತು ವಾಪಸು ಪಡೆಯುವ ಪದ್ಧತಿ ಅಲ್ಲಿಲ್ಲ. ಉಳಿದ ದಾರಿ ಒಂದೇ, ಅವರೇ ಹಿಂದೆಗೆಯುವಂತೆ ಮಾಡುವುದು. ಆರ್ಡಿಸ್ ಮರುದಿನ ಲವೋನ್‌ಗೆ ಫೋನ್ ಮಾಡಿದಳು.

“ಅಲ್ಲೇನೂ ಇಲ್ಲ ಲವೋನ್. ಬರೀ ಕಲ್ಲು.”

“ಹೌದಾ,” ಎಂದಳು ಲವೋನ್, ಭಕ್ತಿಯಿಂದ.

“ಕೋಣೆ ಅಂದ್ರೆ ಗೂಡು. ಚಳಿಗಾಲದಲ್ಲಿ ಅರ್ಧ ಹೋಟೆಲು ಮುಚ್ಚಿರತ್ತೆ, ತಿನ್ನೋಕೂ ಸರಿಯಾಗಿ ಸಿಗಲ್ಲ. ಬಂಡೆ ಹತ್ತಿ ಇಳಿಯೋದ್ರಲ್ಲಿ ಮಂಡಿ ಕಿತ್ತುಹೋಗತ್ತೆ.”

ತಪ್ಪು ಮಾಡಿದೆನೆಂದು ಫೋನ್ ಇಟ್ಟಮೇಲೆ ಹೊಳೆಯಿತು. ‘ಏನೋ ಒಂದಿಷ್ಟು ಬೇಯಿಸಿದೀನಿ’ ಎಂದು ಹಲ್ಲು ಗಿಂಜಿದವಳ ಪಾತ್ರೆಯಲ್ಲೇ ಪರಮಾನ್ನವಿರುವ ಊರು ಅದು. ತನ್ನದನ್ನು ಹೀಗಳೆದಷ್ಟೂ ಅದಕ್ಕೆ ಬೆಲೆ. ಬರೀ ಕಲ್ಲು ಎಂಬುದು ಲವೋನ್‌ಳ ಕಿವಿಗೆ ಸ್ವರ್ಗ ಎಂದು ಬಿದ್ದಿತ್ತು.

ಶನಿವಾರ ಇಬ್ಬರೂ ಮತ್ತೆ ಬಂದು ಅಡುಗೆಮನೆಯಲ್ಲಿ ಕೂತರು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತೆ, ಪಿಶಾಚಿ ಈ ಸಲ ಪರಿವಾರವನ್ನೂ ಗೊತ್ತುಮಾಡಿಕೊಂಡು ಬಂದಿತ್ತು.

“ಚರ್ಚಿನ ಗಾನವೃಂದದವರಿಗೆ ಹೇಳಿದೆ,” ಎಂದಳು ಲವೋನ್. “ಹೇಳಿದ್ಮೇಲೆ ಕರೀದೆ ಇರೋಕಾಗತ್ತಾ. ಅವರೂ ಬರ್ತಾರಂತೆ. ಚರ್ಚಿನ ವ್ಯಾನು ಸಿಗತ್ತೆ. ಓಡಿಸೋಕೆ ನೀನಂತೂ ಇದ್ದೀಯಲ್ಲ ಆರ್ಡಿಸ್. ದಾರಿಯುದ್ದ ಹಾಡ್ತಾ ಹೋಗೋಣ.”

ಆರ್ಡಿಸ್‌ಗೆ ತನ್ನ ಬಸ್ಸಿನ ಕನ್ನಡಿ ಕಣ್ಣ ಮುಂದೆ ಬಂತು. ಮಕ್ಕಳನ್ನು ನೋಡಲೆಂದು ತಲೆಯ ಮೇಲಿರುವ ಆ ಉದ್ದ ಕನ್ನಡಿಯ ತುಂಬ ತೆರೆದ ಬಾಯಿಗಳು, ಈ ಸಲ ಹಲ್ಲುಸೆಟ್ಟಿನವು.

“ಬೇಡ,” ಎಂದಳು.

ಅದು ಯಾವ ಬೇಡ ಎಂದು ಯಾರಿಗೂ ಅರ್ಥವಾಗಲಿಲ್ಲ. ಲವೋನ್ ಎರಡನೆಯ ಸಲ ಕೇಳಲು ಸಿದ್ಧಳಾದಳು.

“ಮರ್ಯಾದೆಯ ಬೇಡ ಅಲ್ಲ ಲವೋನ್, ನಿಜವಾದ ಬೇಡ. ನೀವು ಬರೋದು ನನಗೆ ಬೇಡ. ನಾನು ಗೇಲನ್ ಜೊತೆ ಒಬ್ಬಳೇ ಹೋಗ್ಬೇಕು. ಮದುವೆಯಾದಾಗಿಂದ ಕಾಯ್ತಿದೀನಿ.”

ಬಸ್ಸೇ ಬಾಯಿ ಬಿಟ್ಟು ಮಾತಾಡಿತೇನೋ ಎಂಬಂತೆ ಗೇಲನ್ ಆರ್ಡಿಸ್‌ಳನ್ನು ನೋಡುತ್ತಿದ್ದ. ಇಷ್ಟು ವರ್ಷದ ಸ್ನೇಹ ಹೋಯಿತು ಎಂದು ಅವಳು ಮೇಜಿನ ಅಂಚು ಹಿಡಿದುಕೊಂಡಳು.

ಲವೋನ್ ಕನ್ನಡಕ ತೆಗೆದಳು. ಭುಜ ಕುಲುಕಿದವು. ಅಳುತ್ತಿದ್ದಾಳೆ ಎಂದುಕೊಂಡರೆ ನಗು.

“ಡೆಲ್ಮರ್, ಕೇಳಿಸ್ತಾ? ನಾವು ಹೋಗೋದು ಬೇಡ್ವಂತೆ.” ಅವಳು ಉಸಿರೆಳೆದುಕೊಂಡಳು. “ಅಯ್ಯೋ ಮಾರಾಯ್ತಿ, ಮೊದಲೇ ಹೇಳಬಾರ್ದಿತ್ತಾ? ನಂಗೆ ಸ್ಟೂಲ್ ಹತ್ತಿದ್ರೆ ತಲೆ ತಿರುಗತ್ತೆ. ಇವನು ಮೂರು ಸಲ ಕರೆದುಬಿಟ್ಟ. ಇಲ್ಲ ಅಂದ್ರೆ ನಿಮ್ಮ ಮನಸ್ಸು ನೋಯತ್ತಲ್ಲ ಅಂತ ಹೂಂ ಅಂದೆ. ಆ ಹಾಡೋರಿಗೂ ಇಷ್ಟ ಇಲ್ಲ, ನಾನು ಮೂರು ಸಲ ಕರೆದೆ ಅಂತ ಒಪ್ಕೊಂಡಿದಾರೆ ಅಷ್ಟೆ.”

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲವಂತೆ. ಇಲ್ಲಿ ಇಡೀ ಗಾನವೃಂದಕ್ಕೇ ದಿನ ತುಂಬಿತ್ತು. ಹೆಂಗಸರಿಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಗೇಲನ್‌ಗೂ ನಗು ಬಂತು. ಡೆಲ್ಮರ್ ಮಾತ್ರ ನಗಲಿಲ್ಲ. ಬಗ್ಗಿ ತನ್ನ ಪಾದಗಳನ್ನು ನೋಡಿಕೊಳ್ಳುತ್ತಿದ್ದ. ಬೂಟು ಹೊರಗೆ ಬಿಡದೆ ಒಳಗೆ ಕಾಲಿಟ್ಟವರನ್ನು ಆ ಊರು ಕಂಡಿಲ್ಲ, ಇವನು ಹೊಚ್ಚಹೊಸ ಚಾರಣದ ಬೂಟು ತೊಟ್ಟೇ ಕೂತಿದ್ದ.

“ಪಳಗಿಸ್ತಿದ್ದೆ,” ಎಂದ ಮೆಲ್ಲಗೆ. “ಮನೆಯ ನೆಲಮಾಳಿಗೇಲಿ ದಿನಾ ಸುತ್ತು ಹಾಕ್ತಿದೀನಿ. ನಾನು ಕೆಂಪು ಬಂಡೆ ನೋಡೇ ಇಲ್ಲ.”

ನಗು ನಿಂತಿತು. ಆರ್ಡಿಸ್‌ಳ ನಾಲಿಗೆಯ ತುದಿಗೆ ‘ಹಾಗಾದ್ರೆ ಬಾ’ ಎಂಬುದು ಬಂದು ನಿಂತಿತ್ತು. ಲವೋನ್ ಅದನ್ನು ಕಂಡವಳೇ, ಮೇಜಿನ ಮೇಲೆ ಬೆಣ್ಣೆ ಸಕ್ಕರೆ ಸವರಿ ಸುತ್ತಿಟ್ಟಿದ್ದ ಆಲೂಗಡ್ಡೆ ರೊಟ್ಟಿಯನ್ನು ಅವಳ ಬಾಯಿಗೆ ತುರುಕಿದಳು. “ಅಗಿ. ಮಾತಾಡ್ಬೇಡ.”

ಆರ್ಡಿಸ್ ಅಗಿದಳು. ಅಗಿಯುತ್ತ ಯೋಚಿಸಿದಳು. ನುಂಗಿ ಹೇಳಿದಳು: “ಡೆಲ್ಮರ್, ಈ ಸಲ ನಾವಿಬ್ಬರೇ. ಅಕ್ಟೋಬರಿನಲ್ಲಿ ನೀನೂ ಗೇಲನ್ನೂ ಹೋಗಿ ಬನ್ನಿ. ನಾನು ಮನೇಲಿರ್ತೀನಿ. ಆಗ್ಲೂ ಸಂಜೆ ಹೊತ್ತು ಸದ್ದಿರಲ್ಲ, ನನಗೆ ಅಷ್ಟೇ ಸಾಕು.”

ಎಲ್ಲರೂ ಡೆಲ್ಮರ್‌ನ ‘ಬೇಡಪ್ಪ’ಕ್ಕೆ ಕಾದರು. ಗೇಲನ್ ಎರಡನೆಯ ಸಲ ಕರೆಯಲು ಎದೆ ತುಂಬ ಉಸಿರೆಳೆದುಕೊಂಡ.

“ಹೂಂ, ಹೋಗ್ತೀನಿ,” ಎಂದ ಡೆಲ್ಮರ್.

ಲವೋನ್ ಗಂಡನ ಹಣೆ ಮುಟ್ಟಿ ನೋಡಿದಳು. ಎಳೆದುಕೊಂಡ ಉಸಿರನ್ನು ಎಲ್ಲಿ ಬಿಡಬೇಕೋ ತಿಳಿಯದೆ ಗೇಲನ್ ಬಾಯಿ ತೆರೆದೇ ನಿಂತಿದ್ದ. ಆರ್ಡಿಸ್ ಕೈ ಒರೆಸಿಕೊಂಡು ಮೋವಾಬಿನ ನಕ್ಷೆಯನ್ನು ಮೇಜಿನ ಮೇಲೆ ಹಾಸಿದಳು. ಡೆಲ್ಮರ್ ಕುರ್ಚಿ ಹತ್ತಿರಕ್ಕೆಳೆದುಕೊಂಡು, ನೀವು ಮೊದಲು ಯಾವ ದಾರಿ ನಡೀತೀರಿ, ನಾನು ಯಾವುದು ನಡೀಲಿ ಎಂದು ಕೇಳತೊಡಗಿದ.