ನೀರು ಕುಡಿಸುವ ಪಾಠ

ಕುಷ್ಟಗಿಯ ಮಕ್ಕಳ ದವಾಖಾನೆಯಲ್ಲಿ ಸೂಲಗಿತ್ತಿಯರಿಗೆ ಪಾಠ ಶುರುವಾದದ್ದು 1943ರಲ್ಲಿ, ಮಂಚಗಳು ಬರುವುದಕ್ಕೂ ಮೊದಲೇ. ಹೈದರಾಬಾದಿನಿಂದ ಬಂದ ಡಾಕ್ಟರಮ್ಮ ಉರ್ದುವಿನಲ್ಲಿ ಹೇಳುವರು. ಕಂಪೌಂಡರ್ ಅಮೀನಸಾಬ ಅದನ್ನು ಕನ್ನಡಕ್ಕೆ ತಿರುಗಿಸಿ, ತನ್ನದೊಂದಿಷ್ಟು ಬೈಗುಳ ಸೇರಿಸುವನು. ಹೀಗಾಗಿ ಡಾಕ್ಟರಮ್ಮ ಬಹಳ ಸಿಟ್ಟಿನವರೆಂದು ಊರೆಲ್ಲ ಹೆಸರಾಯಿತು, ಪಾಪ.

ಕಲಿಯಲು ಬಂದವರಲ್ಲಿ ಯಲಬುರ್ಗಾ ಕಡೆಯ ಮಂಗಳೂರಿನ ದುರಗಮ್ಮನದೇ ದೊಡ್ಡ ಹೆಸರು. ಕೂಸುಗಳಿಗೆ ವಾಂತಿ-ಭೇದಿ ಹತ್ತಿದರೆ ಕಾದ ಬಳೆಚೂರಿನಿಂದ ಹೊಟ್ಟೆಗೆ ಬರೆ ಹಾಕುವವಳು ಅವಳೇ. ಆಮೇಲೆ ಒಂದು ಹಗಲು, ಒಂದು ರಾತ್ರಿ ತೊಟ್ಟು ನೀರೂ ಕೊಡಬಾರದೆಂಬ ಪಥ್ಯ ಬೇರೆ. ಡಾಕ್ಟರಮ್ಮ ಹೇಳಿದ್ದು ತದ್ವಿರುದ್ಧ: ಬರೆ ಬೇಡ, ಉಪ್ಪು ಹಾಕಿದ ಗಂಜಿ ತಿಳಿಯನ್ನು ಚಮಚ ಚಮಚ ಕುಡಿಸುತ್ತಲೇ ಇರಬೇಕು. ದುರಗಮ್ಮ ಮೊದಲು ಮೂಗು ಮುರಿದಳು. ಕಣ್ಣೆದುರೇ ಕೂಸುಗಳು ಚೇತರಿಸಿಕೊಂಡಾಗ ಬಾಯಿ ಮುಚ್ಚಿಕೊಂಡು ಕಲಿತಳು.

ಆ ಬೇಸಿಗೆಯಲ್ಲಿ ಅವಳ ಮಗಳು ಹುಲಿಗವ್ವ ತನ್ನ ಹಸುಗೂಸನ್ನು ಎತ್ತಿಕೊಂಡು ದವಾಖಾನೆಗೆ ಓಡಿ ಬಂದಳು. ವಾಂತಿ-ಭೇದಿಯಿಂದ ಕೂಸಿನ ಕಣ್ಣುಗಳು ಗುಳಿಬಿದ್ದಿದ್ದವು. ಅಳುವ ಶಕ್ತಿಯೂ ಇರಲಿಲ್ಲ. ಡಾಕ್ಟರಮ್ಮ ಗಂಗಾವತಿಗೆ ಹೋಗಿದ್ದರು.

"ಯವ್ವಾ, ಬರಿ ಹಾಕು."

"ಬ್ಯಾಡ. ತಿಳಿ ಕುಡಿಸೂಣು."

"ಕುಡಿಸಿ ಕೊಲ್ತೀಯೇನು?" ಹುಲಿಗವ್ವ ಸೆರಗು ಸರಿಸಿ ತನ್ನ ಹೊಟ್ಟೆಯ ಮೇಲಿನ ಹಳೆಯ ಕಲೆ ತೋರಿಸಿದಳು. "ನನಗ ಹಾಕಿದ್ದಿ, ನಾ ಬದುಕೀನಿ. ನನ್ನ ಮಗಳಿಗ್ಯಾಕ ಹಾಕವಲ್ಲಿ?"

"ನಿಮ್ಮಣ್ಣಗೂ ಹಾಕಿದ್ನಿ," ಎಂದಳು ದುರಗಮ್ಮ.

ಆ ಅಣ್ಣ ಚಿಕ್ಕಂದಿನಲ್ಲಿ ವಾಂತಿ-ಭೇದಿಯಿಂದಲೇ ತೀರಿಕೊಂಡಿದ್ದ. ದೇವಿಯ ಸಿಟ್ಟು ಎಂದೇ ಮನೆಯವರೆಲ್ಲ ನಂಬಿದ್ದರು. ಹುಲಿಗವ್ವ ಕೂಸನ್ನು ತಾಯಿಯ ಮಡಿಲಿಗೆ ಹಾಕಿ, ಗೋಡೆಗೆ ಮುಖ ಮಾಡಿ ಕುಳಿತಳು.

ದುರಗಮ್ಮ ಚಮಚ ಹಿಡಿದಳು. ಕೂಸು ಕಾರಿಕೊಂಡಿತು, ತುಸು ತಡೆದು ಮತ್ತೆ ಕುಡಿಸಿದಳು. ಹೆದರಿಕೆ ಅವಳಿಗೂ ಇತ್ತು. ಜೊತೆಗೆ ಕಲಿಯುತ್ತಿದ್ದ ಸರ್ದಾರಬೀ ಗಂಜಿ ಕಾಯಿಸಿ, ಆರಿಸಿ ಕೊಡುತ್ತಲೇ ಇದ್ದಳು. ಸಂಜೆಯ ಹೊತ್ತಿಗೆ ಕೂಸು ಅಜ್ಜಿಯ ಸೀರೆ ತೋಯಿಸಿತು. ಉಚ್ಚೆ ಹೊಯ್ದರೆ ಕೂಸು ಗೆದ್ದಂತೆ ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಅಮೀನಸಾಬ ಕೂಡ ಹಲ್ಲು ಕಿರಿದ. ಹುಲಿಗವ್ವ ಎದ್ದು ಬಂದು ಮಗಳಿಗೆ ಹಾಲೂಡಿಸಿದಳು.

ಎಲ್ಲರೂ ನಗುತ್ತಿರುವಾಗ ದುರಗಮ್ಮ ಗಟ್ಟಿಯಾಗಿ ಅಳತೊಡಗಿದಳು.

"ಕೂಸು ಉಳೀತಲ್ಲ ಅಕ್ಕಾ, ಈಗ್ಯಾಕ ಅಳ್ತಿ?" ಎಂದಳು ಸರ್ದಾರಬೀ.

"ನನ್ನ ಮಗ ನೀರು ನೀರು ಅಂತ ಬೇಡಿದ್ದ," ಎಂದಳು ದುರಗಮ್ಮ. "ಹರವಿ ತುಂಬ ನೀರಿತ್ತು. ನಾ ಕೊಡಲಿಲ್ಲ."