ಗುಳಿಗೆ ಮೊದಲು, ಹಾಲು ಆಮೇಲೆ

ಶಿಗ್ಲಿಯಲ್ಲಿ ಉಡಚವ್ವನ ಮನೆಯ ಎಮ್ಮೆ ಹಾಲೆಂದರೆ ನೀರು ಕಾಣದ ಹಾಲು. ಹತ್ತು ವರ್ಷದ ಮೊಮ್ಮಗಳು ರೋಜಾಳ ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದಂದಿನಿಂದ, ಅದರ ಬದಲಿಗೆ ಕೊಟ್ಟ ಬೆಳಗಿನ ಹಾರ್ಮೋನು ಗುಳಿಗೆಯನ್ನು ಅಜ್ಜಿ ಆ ಹಾಲಿನಲ್ಲೇ ಅರೆದು ಕುಡಿಸುತ್ತಿದ್ದಳು. ಖಾಲಿ ಹೊಟ್ಟೆಗೆ ಔಷಧಿ ಕೊಡಲು ಅವಳ ಕೈ ಏಳುತ್ತಿರಲಿಲ್ಲ.

ಆದರೂ ಹುಡುಗಿ ಬಾಡುತ್ತ ಬಂದಳು. ಖೋ ಖೋ ಆಟದಲ್ಲಿ ಯಾರಿಗೂ ಸಿಗದಿದ್ದ ಕಾಲುಗಳು ಹೊಸ್ತಿಲು ದಾಟಲೂ ಒಲ್ಲೆನ್ನತೊಡಗಿದವು. ಬಿಸಿಲಲ್ಲೂ ಚಳಿ, ಪುಸ್ತಕ ತೆರೆದರೆ ತೂಕಡಿಕೆ. ಶಾಲೆಯ ತಂಡದವರು ಅವಳನ್ನು ಕೈಬಿಟ್ಟರು.

ಒಂದು ಬೆಳಗ್ಗೆ ನೆರೆಮನೆಯ ಆಶಾ ಕಾರ್ಯಕರ್ತೆ ಕಾವೇರಿ ಬಂದಾಗ ಉಡಚವ್ವ ಗುಳಿಗೆ ಕದಡುತ್ತಿದ್ದಳು.

"ಅಯ್ಯ ದೊಡ್ಡವ್ವ, ಹಾಲಾಗ ಯಾಕ ಹಾಕ್ತಿ?"

"ಮತ್ತ ಚಾದಾಗ ಹಾಕ್ಲೇನು?"

"ಚಾನೂ ಬ್ಯಾಡ. ಬರೇ ನೀರು. ಹಾಲಿನ ಕೂಡ ಕೊಟ್ರ ಗುಳಿಗಿ ಪೂರಾ ಮೈಗೆ ಹತ್ತೂದಿಲ್ಲ."

"ನನ್ನ ಎಮ್ಮಿ ಹಾಲಿಗೆ ಹೆಸರಿಡಾಕ ಬಂದಿಯೇನ? ಇದನ್ನ ಕುಡದ ನನ್ನ ಮಗ ಮೂಕಪ್ಪ ತಲಿ ಬಾಗಲಾ ಚೌಕಟ್ಟಿಗೆ ಮುಟ್ಟೂವಷ್ಟು ಬೆಳದಾನ!"

"ಮೂಕಪ್ಪಣ್ಣಗ ಗ್ರಂಥಿ ಐತಿ, ಕೂಸಿಗೆ ಇಲ್ಲ. ಬೋರಿನ ಮೋಟರ ತಗದ ಮ್ಯಾಲ ದಿನಾ ಕೊಡದಾಗ ನೀರ ಹೊರಬೇಕೋ ಬ್ಯಾಡೋ? ಈ ಗುಳಿಗೀನ ಆ ಕೊಡ. ಅದು ಸೋರಿದ್ರ ಎತ್ತರ, ಓದು, ಓಟ ಎಲ್ಲಾ ಒಣಗ್ತಾವ."

ಉಡಚವ್ವನ ಚಮಚ ನಿಂತಿತು. "ಅಂದ್ರ, ನನ್ನ ಕೈಯಾರೆ..."

"ಗೊತ್ತಿಲ್ದ ಮಾಡೀದಿ. ಜಲ್ದಿ ರಕ್ತ ತೋರಿಸ್ರಿ. ಗುಳಿಗಿ ಹೆಚ್ಚು ಕಡಿಮಿ ಮಾಡೂದು ಡಾಕ್ಟರ ಕೆಲಸ. ನಿಂದೂ ಅಲ್ಲ, ನಂದೂ ಅಲ್ಲ."

ಮೂಕಪ್ಪ ಮಗಳನ್ನು ಗದಗಿಗೆ ಕರೆದೊಯ್ದ. ರಕ್ತಪರೀಕ್ಷೆಯಲ್ಲಿ ಹಾರ್ಮೋನು ಕಡಿಮೆಯಿತ್ತು. ಎದ್ದ ಕೂಡಲೇ ನೀರಿನೊಂದಿಗೆ ಗುಳಿಗೆ, ತಾಸಾದ ಮೇಲೆ ಹಾಲು ಎಂದರು ವೈದ್ಯರು. ಅಂದಿನಿಂದ ಉಡಚವ್ವ ಹಾಲಿನ ಲೋಟ ಮುಚ್ಚಿಟ್ಟು, ಆ ತಾಸನ್ನು ದೇವರ ಮುಂದಿನ ದೀಪದಂತೆ ಕಾದಳು.

ತಿಂಗಳುಗಳು ಉರುಳಿದವು; ರೋಜಾ ಮತ್ತೆ ಶಾಲೆಯ ತಂಡ ಸೇರಿದಳು. ಲಕ್ಷ್ಮೇಶ್ವರದ ಖೋ ಖೋ ಮೈದಾನದಂಚಿನಲ್ಲಿ ನಿಂತು ಮೊಮ್ಮಗಳ ಆಟ ನೋಡುತ್ತಿದ್ದ ಉಡಚವ್ವನನ್ನು ಊರಿನ ರಾಮವ್ವ ಕೇಳಿದಳು: "ಪಾಪ, ಜೀವ ಇರೂತನಾ ಗುಳಿಗಿ ನುಂಗಬೇಕಂತಲ್ಲ ನಿನ್ನ ಮೊಮ್ಮಗಳು?"

ಉಡಚವ್ವ ಸೆರಗು ಸರಿಪಡಿಸಿಕೊಂಡು ತಲೆಯೆತ್ತಿದಳು. "ಹೌದವಾ, ನುಂಗತಾಳ. ಅಲ್ಲಿ ನೋಡು, ಯಾರ ಕೈಗರ ಸಿಕ್ಕಾಳೇನ?"

ಓದುಗರೇ, ನಿಮ್ಮ ಮನೆಯಲ್ಲೂ ಥೈರಾಯ್ಡ್ ತೆಗೆಸಿಕೊಂಡ ಮಗುವಿದ್ದರೆ, ಚೆನ್ನಾಗಿದೆಯೆಂದು ಗುಳಿಗೆ ನಿಲ್ಲಿಸಬೇಡಿ. ಹೇಳಿದ ದಿನ ರಕ್ತಪರೀಕ್ಷೆ ತಪ್ಪಿಸಬೇಡಿ. ಹಾಲಿಗೆ ತಡವಾದರೆ ನಡೆದೀತು. ಬೆಳೆಯುವ ವಯಸ್ಸಿನಲ್ಲಿ ಗುಳಿಗೆಗೆ ತಡವಾಗಬಾರದು.