ಗುಂಡುಪಿನ್ನಿನ ಗುರು

ನಾನೊಬ್ಬ ಹಾಸ್ಯಗಾರ ಎಂಬ ಸಂಗತಿ ನನ್ನನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಹಲ್ಲಿನ ಡಾಕ್ಟರ ಬಳಿ ಸಹಾಯಕನಾಗಿದ್ದೇನೆ. ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದವರಿಗೆ ಜೋಕು ಹೇಳುತ್ತಿದ್ದೆ. ಅವರು ‘ಆಂ... ಆಂ...’ ಎಂದರೆ ನಕ್ಕರೆಂದೇ ಲೆಕ್ಕ. ಈ ಅನುಭವದ ಬಲದ ಮೇಲೆ ಸಮುದಾಯ ಭವನದಲ್ಲಿ ಶನಿವಾರ ಸಂಜೆಯ ಹಾಸ್ಯದ ತರಗತಿ ಶುರುಮಾಡಿದೆ. ಬಾಗಿಲ ಮೇಲೆ ‘ಹಾಸ್ಯ’ ಎಂದು ಬರೆಯಲು ನಾಚಿಕೆಯಾಗಿ ‘ಮಾತಿನ ತರಬೇತಿ’ ಎಂದು ಬರೆದೆ.

ಆ ಬೋರ್ಡನ್ನು ನಂಬಿ ಇಸ್ತ್ರಿ ಅಂಗಡಿಯ ಅಮ್ಮ ತಮ್ಮ ಹದಿನೇಳರ ಮಗಳನ್ನು ಎಳೆದುಕೊಂಡು ಬಂದರು.

“ಮೇಷ್ಟ್ರೇ, ಇವಳಿಗೆ ಮಾತು ಕಲಿಸಿ.”

“ಯಾಕಮ್ಮ, ಮಾತು ಬರಲ್ವಾ?”

“ಬರೋದೇ ತೊಂದ್ರೆ! ಬಟ್ಟೆ ಕೊಡೋಕೆ ಬಂದೋರು ಬೆನ್ನು ತಿರುಗಿಸಿದ್ರೆ ಸಾಕು, ಅವರ ಹಾಗೇ ಆಡಿ ತೋರಿಸ್ತಾಳೆ. ಮೊನ್ನೆ ವಕೀಲರು ಮರೆತ ಕೊಡೆ ತಗೊಳೋಕೆ ವಾಪಸ್ ಬಂದ್ರು. ನೋಡಿದ್ರೆ ಅಂಗಡೀಲಿ ಆಗ್ಲೇ ಒಬ್ರು ವಕೀಲರಿದ್ರು!”

ಬಟ್ಟೆಗಳಿಗೆ ಗುರುತಿನ ಚೀಟಿ ಚುಚ್ಚುವುದು ಹುಡುಗಿಯ ಕೆಲಸ. ಹಾಗಾಗಿ ಅವಳು ಎಲ್ಲರಿಗೂ ಗುಂಡುಪಿನ್ನು.

ಆಗ ನನ್ನ ತರಗತಿಯಲ್ಲಿದ್ದವರು ಇಬ್ಬರೇ. ಒಬ್ಬರು ನಿವೃತ್ತ ಅಂಚೆಯಣ್ಣ, ಫ್ಯಾನಿನ ಗಾಳಿಗೆ ಬರುತ್ತಿದ್ದರು. ಇನ್ನೊಬ್ಬರು ಭವನದ ಕಸ ಗುಡಿಸುವ ಅಕ್ಕ, ನಾನು ಯಾವಾಗ ತೊಲಗುತ್ತೇನೋ ಎಂದು ಪೊರಕೆ ಹಿಡಿದು ಕಾಯುತ್ತಿದ್ದರು.

“ಅಣಕ ಹಾಸ್ಯ ಅಲ್ಲಮ್ಮ. ಹಾಸ್ಯಕ್ಕೊಂದು ಶಾಸ್ತ್ರ ಇದೆ” ಎಂದು ಗುಂಡುಪಿನ್ನಿಗೆ ನನ್ನ ನೋಟ್‌ಬುಕ್ ಕೊಟ್ಟೆ. ನೂರಾ ಹನ್ನೊಂದು ಜೋಕುಗಳು, ನಂಬರು ಹಾಕಿಟ್ಟಿದ್ದೆ. ಆರು ವಾರ ಅವಳು ಅವನ್ನು ತಲೆ ತಗ್ಗಿಸಿ, ಸಾವಿನ ಸುದ್ದಿ ಮುಟ್ಟಿಸುವವಳಂತೆ ಒಪ್ಪಿಸಿದಳು. ಅಂಚೆಯಣ್ಣ ಗೊರಕೆ ಹೊಡೆದರು. ನೆಲ ಡೊಂಕು ಎಂದುಕೊಂಡೆ. ಕುಣಿಯಲು ಬಾರದವನು ನಾನೇ ಎಂದು ಹೊಳೆಯಲಿಲ್ಲ.

ಏಳನೆಯ ಶನಿವಾರ ನಾನು ತಡವಾಗಿ ಹೋದಾಗ ಕೋಣೆಯಿಂದ ನಗು ಕೇಳಿತು. ಕೋಣೆ ತಪ್ಪಿತೇನೋ ಎಂದು ಕಿಟಕಿಯಿಂದ ಇಣುಕಿದೆ. ನನ್ನ ಜಾಗದಲ್ಲಿ ಗುಂಡುಪಿನ್ನು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದಳು. ಒಂದು ಜೋಕು ಹೇಳಿದಳು, ಕಾದಳು, ಒಬ್ಬಳೇ ‘ಹ್ಹೆ ಹ್ಹೆ’ ಎಂದಳು. ಆಮೇಲೆ, “ಇಲ್ಲಿ ಯಾಕೆ ನಗಬೇಕು ಅಂದ್ರೆ...” ಎಂದು ವಿವರಿಸತೊಡಗಿದಳು. ಅಕ್ಕ ಪೊರಕೆ ಬಿಸಾಡಿ ನೆಲದ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಚೆಯಣ್ಣನ ಹಲ್ಲನ್ನು ನಾನು ನೋಡಿದ್ದು ಅಂದೇ ಮೊದಲು. ಎರಡು ಇರಲಿಲ್ಲ.

ಒಳಗೆ ಹೋಗದೆ ಮನೆಗೆ ಬಂದು ಹೆಂಡತಿಗೆ ದೂರು ಹೇಳಿದೆ. “ಹೇಗೆ ಅಣಕಿಸಿದ್ಳು?” ಎಂದು ಕೇಳಿದಳು. ಆಡಿ ತೋರಿಸಿದೆ. ಮದುವೆಯಾದಂದಿನಿಂದ ನನ್ನ ಒಂದು ಜೋಕಿಗೂ ತುಟಿ ಬಿಚ್ಚದವಳು ಗೋಡೆ ಹಿಡಿದು ನಕ್ಕಳು. “ಅಯ್ಯೋ, ಥೇಟ್ ನೀವೇ ರೀ!” ಬೇರೆಯವರು ನನ್ನನ್ನು ಆಡಿದ್ದನ್ನು ನಾನು ಆಡಿದಾಗ, ಜೀವನದಲ್ಲಿ ಮೊದಲ ಬಾರಿಗೆ ಹಾಸ್ಯಗಾರನಾಗಿದ್ದೆ! ಮೂರು ದಿನ ಮುಖ ಊದಿಸಿಕೊಂಡಿದ್ದೆ. ನಾಲ್ಕನೆಯ ದಿನ, ಹುಡುಗಿಯ ಕೈಗೆ ಆ ನೋಟ್‌ಬುಕ್ ಕೊಟ್ಟದ್ದೇ ತಪ್ಪು ಎನಿಸಿತು.

ಮುಂದಿನ ವಾರ ಅವಳು ಬಾಗಿಲಲ್ಲೇ ನಿಂತಳು. ಕಿಟಕಿಯಲ್ಲಿ ನನ್ನ ಮುಖ ಅವಳಿಗೆ ಕಂಡಿತ್ತಂತೆ.

“ತಪ್ಪಾಯ್ತು ಸರ್.”

“ತಪ್ಪಾಗಿರೋದು ಒಂದೇ ಕಡೆ. ನಾನು ನಕ್ಕ ಮೇಲೆ ಕನ್ನಡಕ ಒರೆಸ್ತೀನಿ. ಅದನ್ನ ಬಿಟ್ಟಿದೀಯ.”

“ಇಲ್ಲ ಸರ್, ನೀವು ಮೊದ್ಲು ಒರೆಸ್ತೀರ, ಆಮೇಲೆ ನಗ್ತೀರ. ಯಾರೂ ನಗಲಿಲ್ಲ ಅನ್ನೋದು ಕಣ್ಣಿಗೆ ಬೀಳಬಾರದು ಅಂತ.”

ಹೆಸರಿಗೆ ತಕ್ಕ ಹಾಗೆ ಚುಚ್ಚಿದಳು. ಆದರೆ ನನ್ನನ್ನು ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ, ಅಂಚೆಯಣ್ಣನ ಪಕ್ಕ ಕೂತೆ. ಅಂದಿನಿಂದ ನನ್ನ ಕೆಲಸ ನೋಡುವುದಷ್ಟೆ. ಎಲ್ಲಿ ಉದ್ದವಾಯಿತು, ಎಲ್ಲಿ ಉಸಿರು ಬೇಕು ಎಂದು ಹೇಳುತ್ತಿದ್ದೆ. ಅವಳು ಅಂಚೆಯಣ್ಣನ ಕುಂಟುನಡಿಗೆ ಆಡಿದಾಗ ಮಾತ್ರ ಗದರಿದೆ.

“ಜನ ಬಿಡೋಕಾಗದ್ದನ್ನ ಆಡಬೇಡ. ಬಿಡೋಕೆ ಒಪ್ಪದ್ದನ್ನ ಆಡು.”

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ನೋಟ್‌ಬುಕ್ಕಿನಲ್ಲಂತೂ ಇರಲಿಲ್ಲ.

ಭವನದ ವಾರ್ಷಿಕೋತ್ಸವಕ್ಕೆ ಇನ್ನೂರು ಜನ ಸೇರಿದ್ದರು. ವಕೀಲರು ಮುಂದಿನ ಸಾಲಿನಲ್ಲಿದ್ದರು. ಗುಂಡುಪಿನ್ನನ್ನು ಪರಿಚಯಿಸಲು ಹೋದವನು ಚಪಲ ತಡೆಯಲಾರದೆ ನಲವತ್ತೆರಡನೆಯ ಜೋಕು ಹೇಳಿಬಿಟ್ಟೆ. ಸೊಳ್ಳೆಯ ಸದ್ದೂ ಕೇಳುವಷ್ಟು ಮೌನ. ನಾನು ಇಳಿದೊಡನೆ ಅವಳು ಬಂದು, ನಾನು ಆಗತಾನೇ ಮಾಡಿದ್ದನ್ನೇ ಮತ್ತೆ ಮಾಡಿದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ವಕೀಲರ ಸರದಿ ಬಂದಾಗ ಅವರೇ ಕುರ್ಚಿಯ ಕೈ ಬಡಿದು, “ನಾನೇ, ನಾನೇ!” ಎಂದರು.

ಕೊನೆಗೆ ಅವಳು ತನ್ನ ಅಮ್ಮನನ್ನೇ ಆಡಿದಳು. ಗಿರಾಕಿಗೆ ಹೇಳಲಾಗದ ಮಾತುಗಳನ್ನೆಲ್ಲ ಅವರ ಅಂಗಿಯ ಕಾಲರಿಗೆ ಹೇಳುತ್ತಾ ಇಸ್ತ್ರಿ ಮಾಡಿದಳು. ಎಲ್ಲರೂ ನಕ್ಕರು. ನನ್ನ ಪಕ್ಕದಲ್ಲಿದ್ದ ಅಮ್ಮ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಕಣ್ಣು ತುಂಬಿತ್ತು.

“ಇದನ್ನೆಲ್ಲ ಇವಳು ಯಾವಾಗ ನೋಡಿದ್ಳು ಮೇಷ್ಟ್ರೇ?”



ಅಂದು ಬಂದಿದ್ದ ನಾಟಕ ತಂಡದವರೊಬ್ಬರು ಅವಳನ್ನು ಭಾನುವಾರದ ತಾಲೀಮಿಗೆ ಕರೆದರು. “ಇವಳಿಗೆ ನೀವು ಏನು ಕಲಿಸಿದ್ರಿ?” ಎಂದು ನನ್ನನ್ನು ಕೇಳಿದರು.

“ನನ್ನ ಜೋಕು ಹೇಳಬೇಡ ಅಂತ” ಎಂದೆ. ಅವರು ನಕ್ಕರು. ನಾನು ನಿಜವನ್ನೇ ಹೇಳಿದ್ದೆ.

ಮೊದಲ ಭಾನುವಾರ ಬಸ್ ನಿಲ್ದಾಣಕ್ಕೆ ಹೋದೆ. ಅಮ್ಮ ಮಗಳ ದುಪಟ್ಟಾದ ಮಡಿಕೆ ತಿದ್ದುತ್ತಿದ್ದರು. ದಾರಿಯುದ್ದಕ್ಕೂ ಒಂದೊಳ್ಳೆಯ ಉಪದೇಶ ಕಟ್ಟಿಕೊಂಡು ಬಂದಿದ್ದೆ. “ನೋಡಮ್ಮ, ಕಲೆ ಅಂದ್ರೆ...” ಎನ್ನುವಷ್ಟರಲ್ಲಿ ಅವಳನ್ನು ಹತ್ತಿಸಿಕೊಂಡು ಬಸ್ಸು ಹೊರಟಿತು.